ಸರ್ವಮಂಗಳಮ್ಮನವರ ಲಾನು

ಯಾರಾದರೂ ಸಹಾಯ ಮಾಡಲು ಬಂದರೆ "ಬೇಡ, ಪರವಾಗಿಲ್ಲ" ಎನ್ನುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಾಳಿ. ಬಸ್ಸಿನಲ್ಲಿ ಕೂತವರು ಬ್ಯಾಗು ಕೊಡಿ ಎಂದರೆ ಬೇಡ. ತರಕಾರಿ ಅಂಗಡಿಯವರು ಚೀಲ ಕೊಡಲಾ ಎಂದರೆ ಬೇಡ; ಹಾಗೆಂದು ಹೇಳಿ, ಆರು ಟೊಮೇಟೊಗಳನ್ನು ಎದೆಗವಚಿಕೊಂಡು ಮನೆ ತನಕ ನಡೆದಿದ್ದೂ ಉಂಟು. ಇದನ್ನು ನಾನು ಸ್ವಾಭಿಮಾನ ಎಂದುಕೊಂಡಿದ್ದೆ. ಈ ಬೇಸಿಗೆಯಲ್ಲಿ ಅದು ಒಂದು ಲಾನಿನ ಪ್ರಾಣ ತೆಗೆಯುವುದರಲ್ಲಿತ್ತು.

ಲಾನು ನನ್ನದಲ್ಲ. ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿರುವ ಮಹಡಿಯ ಕೆಳಗೆ, ಗೇಟಿಗೂ ಬಾಗಿಲಿಗೂ ನಡುವೆ, ಎರಡು ಮಂಚ ಹಾಕುವಷ್ಟು ಜಾಗದಲ್ಲಿ ಮನೆಯೊಡತಿ ಸರ್ವಮಂಗಳಮ್ಮ ಬೆಳೆಸಿದ್ದು. ಬೀದಿಯ ಉಳಿದ ಮನೆಗಳವರೆಲ್ಲ ಅಂಥ ಜಾಗಕ್ಕೆ ಕಲ್ಲು ಹಾಸಿ ಕಾರು ನಿಲ್ಲಿಸಿದ್ದಾರೆ. ಕೆಳಗಡೆ ತಾಯಿಯ ಜೊತೆಗೇ ಇರುವ ಅವರ ಮಗ ಮಹೇಶ್‌ಗೂ ಅದೇ ಆಸೆ. ಅವರ ಹೊಸ ಕಾರು ಬೀದಿಯಲ್ಲಿ ಬಿಸಿಲಿಗೆ ಬೇಯುತ್ತಿದೆ. ತಾಯಿ, ಮಗ ವರ್ಷಗಟ್ಟಲೆ ವಾದಿಸಿ ಒಂದು ಒಪ್ಪಂದಕ್ಕೆ ಬಂದಿದ್ದರು. ಹುಲ್ಲು ಇರುವವರೆಗೆ ಹುಲ್ಲು. ಅದು ತಾನಾಗಿ ಒಣಗಿಹೋದರೆ ಕಲ್ಲು.

ಅಷ್ಟರಲ್ಲಿ ಮಗಳ ಬಾಣಂತನಕ್ಕೆಂದು ಸರ್ವಮಂಗಳಮ್ಮ ಒಂದೂವರೆ ತಿಂಗಳು ದಾವಣಗೆರೆಗೆ ಹೊರಟರು. ಮಳೆಯ ಸುಳಿವಿಲ್ಲ, ಬೋರ್‌ವೆಲ್ ಕೆಮ್ಮುತ್ತಿದೆ, ಕಾವೇರಿ ನೀರು ದಿನ ಬಿಟ್ಟು ದಿನ. ಹೊರಡುವ ಮುನ್ನ ನನ್ನನ್ನು ಕರೆದು ಹೇಳಿದರು: "ಮಹೇಶನ ಕೈಗೆ ನೀರು ಕೊಟ್ರೆ ಕಾರು ತೊಳಿತಾನೆ. ನೀನು ಓದಿದಾಕಿ, ನೀನು ನೋಡ್ಕೋ ತಾಯಿ."

ಓದಿದ್ದು ಹೌದು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವರು ಮಾಡುವಂತೆ ನಾನೂ ಮೊದಲು ಒಂದು ಪಟ್ಟಿ ಮಾಡಿದೆ. ನನ್ನ ಅಡುಗೆಮನೆಯ ನೀರಿನ ಫಿಲ್ಟರಿನಿಂದ ದಿನವೂ ಒಂದೂವರೆ ಬಕೆಟ್ ನೀರು ಸುಮ್ಮನೆ ಸಿಂಕಿಗೆ ಹೋಗುತ್ತಿತ್ತು. ಅದನ್ನು ಹಿಡಿದು ಹುಲ್ಲಿಗೆ ಹಾಕಿದರಾಯಿತು! ಈ ಯೋಜನೆಯಿಂದ ನಾನೆಷ್ಟು ಉಬ್ಬಿಹೋಗಿದ್ದೆನೆಂದರೆ, ಮೊದಲ ದಿನ ಬೆಳಿಗ್ಗೆ ಎದುರು ಮನೆಯ ಜಯಮ್ಮ ಒಂದು ಬಕೆಟ್ ಅಕ್ಕಿ ತೊಳೆದ ನೀರು ತಂದು, "ಮಂಗಳಮ್ಮೋರು ದಿನಾ ಇಸ್ಕೊಳ್ಳೋರು ಕಣಮ್ಮ, ಆಚೆ ಎರಡು ಮನೆಯೋರೂ ತಂದಿಡ್ತಾರೆ" ಎಂದಾಗ ನನ್ನ ಬಾಯಿಂದ ಬಂದದ್ದು ಅದೇ ಮಾತು: "ಬೇಡ ಆಂಟಿ, ಪರವಾಗಿಲ್ಲ." ಜಯಮ್ಮ ಬಕೆಟನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಹಾಗೇ ತಿರುಗಿ ಹೋದರು.

ಎರಡು ವಾರ ಕಳೆಯುವಷ್ಟರಲ್ಲಿ ಹುಲ್ಲು ಹಳದಿಯಾಯಿತು. ನೀರು ಸಾಲದೇನೋ ಎಂದು ಇನ್ನೂ ಶ್ರದ್ಧೆಯಿಂದ ಹಾಕಿದೆ. ಹಳದಿ ಕಂದಾಯಿತು. ಮಹೇಶ್ ದಿನವೂ ಆಫೀಸಿಗೆ ಹೊರಡುವಾಗ ಲಾನಿನ ಮುಂದೆ ನಿಂತು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರ ದನಿಯಲ್ಲಿ, "ಇನ್ನೇನು, ಹೋಯ್ತು ಅಲ್ವಾ ಮೇಡಂ?" ಎನ್ನುತ್ತಿದ್ದರು. ಒಂದು ಶನಿವಾರ ಟೇಪು ಹಿಡಿದು ಅಳತೆಯನ್ನೂ ತೆಗೆದುಕೊಂಡರು.

ಅಂದೇ ಸಂಜೆ ದಾವಣಗೆರೆಯಿಂದ ವಿಡಿಯೋ ಕಾಲ್. ಹಸಿರಿರುವ ಒಂದೇ ಮೂಲೆಯನ್ನು ಹುಡುಕಿ ಫೋನು ಹಿಡಿದೆ.

"ಮೂಲೆ ಬಿಡು ತಾಯಿ, ನಡುವೆ ಹಿಡಿ. ಇನ್ನೂ ಕೆಳಕ್ಕೆ. ಹೂಂ, ಮಣ್ಣಿನ ಮೇಲೆ ಬೆಳ್ಳಗೆ ಏನದು? ಯಾವ ನೀರು ಹಾಕ್ತೀ?"

ಹೇಳಿದೆ. ಅಲ್ಲಿ ಮಗು ಕೂಡ ಅಳು ನಿಲ್ಲಿಸಿದಂತೆನಿಸಿತು.

"ಆ ಮಿಷಿನ್ನು ಬೋರ್ ನೀರಿನ ಉಪ್ಪೆಲ್ಲಾ ತೆಗೆದು ಹೊರಗೆ ಹಾಕ್ತದೆ. ಅದನ್ನ ತಂದು ಹುಲ್ಲಿಗೆ ಹಾಕೀಯಲ್ಲವ್ವಾ! ಉಪ್ಪಿನಕಾಯಿ ಹಾಕಾಕತ್ತೀಯೇನು?"

ಕರಗಿದ ಲವಣಗಳ ಬಗ್ಗೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು. ಆ ನಾಲ್ಕು ಪುಟದಲ್ಲಿ ಸಿಂಕೂ ಇರಲಿಲ್ಲ, ಹುಲ್ಲೂ ಇರಲಿಲ್ಲ.

ಸರ್ವಮಂಗಳಮ್ಮ ಬೈಯಲಿಲ್ಲ. ಒಂದು ಕೈಯಲ್ಲಿ ಮೊಮ್ಮಗಳನ್ನು ತಟ್ಟುತ್ತಾ, ಇನ್ನೂರೈವತ್ತು ಕಿಲೋಮೀಟರ್ ಆಚೆಯಿಂದ ಆ ಹುಲ್ಲಿಗೆ ಚಿಕಿತ್ಸೆ ಹೇಳಿದರು. ಒಂದು ದಂಟು ಕೀಳಿಸಿದರು, ಬುಡ ಸೀಳಿಸಿದರು, ಒಳಗೆ ತಿಳಿ ಹಸಿರು ಕಂಡಾಗ, "ಸತ್ತಿಲ್ಲ. ಸಿಟ್ಟು ಮಾಡ್ಕೊಂಡು ಮಲಗೇತಿ" ಎಂದರು. ಕುಡಿಯುವ ನೀರನ್ನು ಹುಲ್ಲಿಗೆ ಸುರಿಯಬಾರದು. ಅಡುಗೆಮನೆಯಲ್ಲಿ ಒಂದು ಕೆಲಸ ಮುಗಿಸಿದ ಕಾವೇರಿ ನೀರು ಬೇಕು, ಅದೂ ಒಂದೇ ಬೆಳಿಗ್ಗೆ ಹತ್ತು ಬಕೆಟ್, ಉಪ್ಪು ಆಳಕ್ಕಿಳಿಯುವಂತೆ. ಆಮೇಲೆ ಒಣ ಎಲೆ ಮುಚ್ಚಿ ನಾಲ್ಕು ದಿನ ಅತ್ತ ತಲೆ ಹಾಕಬಾರದು. ಎಷ್ಟೋ ಪ್ರೊಫೆಸರುಗಳ ಪಾಠ ಕೇಳಿದ್ದೇನೆ. ಒಂದು ಅನಗತ್ಯ ಪದವಿಲ್ಲದೆ ಹೀಗೆ ಹೇಳಿದವರನ್ನು ಕಂಡಿಲ್ಲ.

"ಹತ್ತು ಬಕೆಟ್ ನನ್ನೊಬ್ಬಳ ಮನೇಲಿ ಎಲ್ಲಿ ಬರುತ್ತೆ ಆಂಟಿ?"

"ಕೇಳ್ಬೇಕು" ಎಂದರು. ಆ ಮದ್ದೇ ನನಗೆ ಎಲ್ಲಕ್ಕಿಂತ ಕಹಿ.

ಜಯಮ್ಮನ ಗೇಟಿನ ಮುಂದೆ ಮೂರು ಸಲ ಓಡಾಡಿ, ನಾಲ್ಕನೆಯ ಸಲ ಬೆಲ್ ಒತ್ತಿದೆ.

"ಏನಮ್ಮಾ, ನೀರು ಬೇಡ, ಪರವಾಗಿಲ್ಲ ಅಂದೋಳು?"

"ಬೇಕು ಆಂಟಿ."

"ಎಷ್ಟು?"

"ಹತ್ತು ಬಕೆಟ್."

ಜಯಮ್ಮ ಗೇಟು ಹಿಡಿದುಕೊಂಡು ನಕ್ಕರು. "ಅಷ್ಟು ನೀರಿಗೆ ನಾನು ಮದುವೆ ಮನೆ ಅಕ್ಕಿ ತೊಳೀಬೇಕು ಕಣೇ!" ಆದರೂ ಮರುದಿನ ಬೆಳಿಗ್ಗೆ ಗೇಟಿನ ಬಳಿ ಹನ್ನೊಂದು ಬಕೆಟ್ ಸಾಲಾಗಿ ನಿಂತಿದ್ದವು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಮನೆಯ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು. ಎರಡು ವರ್ಷದಿಂದ ನಾನು ತಲೆ ತಗ್ಗಿಸಿ ದಾಟಿಹೋಗುತ್ತಿದ್ದ ಮನೆಗಳವು.

ಸರ್ವಮಂಗಳಮ್ಮ ಬರುವ ಹೊತ್ತಿಗೆ ಲಾನು ಹಚ್ಚಗೆ ಚಿಗುರಿತ್ತು, ನಡುವೆ ಪರಾತದಗಲದ ಒಂದು ಬೋಳು ಬಿಟ್ಟು. ದಿನವೂ ನಾನು ಫಿಲ್ಟರಿನ ನೀರಿನ ಬಕೆಟ್ ಬೋರಲು ಮಾಡುತ್ತಿದ್ದ ಜಾಗವದು. ಅವರು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಒಂದು ಸುತ್ತು ನಡೆದರು. ಮಹೇಶ್ ಕೊನೆಯ ಆಸೆಯಿಂದ, "ಅಮ್ಮಾ, ಅಷ್ಟು ಜಾಗಕ್ಕಾದ್ರೂ ಕಲ್ಲು?" ಎಂದರು.

"ಹಾಕ್ಸು. ಒಂದೇ ಕಲ್ಲು. ಈ ಹುಡುಗಿ ಕೂರಾಕೆ."

ಹೀಗೆ ಈಗ ಬೀದಿಗೆಲ್ಲ ಕಾಣುವಂತೆ ನನಗೊಂದು ಆಸನವಿದೆ. ಸಂಜೆ ಅಲ್ಲಿ ಕೂತರೆ ಹೋಗುವವರು ಬರುವವರೆಲ್ಲ ನಿಂತು ಮಾತಾಡಿಸುತ್ತಾರೆ; ಆ ಕಲ್ಲು ಯಾಕೆ ಬಂತೆಂಬ ಕಥೆಯನ್ನು ಸರ್ವಮಂಗಳಮ್ಮ ಹೊಸಬರಿಗೆಲ್ಲ ಉಪ್ಪಿನಕಾಯಿ ಸಮೇತ ಹೇಳುತ್ತಾರೆ. ನನ್ನಂಥವಳಿಗೆ ಇದು ಶಿಕ್ಷೆಯೇ ಸರಿ ಎಂದು ದಿನವೂ ಅಂದುಕೊಳ್ಳುತ್ತೇನೆ. ಆದರೆ ನಿನ್ನೆ ಕೆಲಸದಿಂದ ಬಂದಾಗ ಆ ಕಲ್ಲಿನ ಮೇಲೆ ಜಯಮ್ಮ ಆರಾಮಾಗಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಬಾರಮ್ಮ, ಏಳ್ಲಾ?" ಎಂದು ಕೇಳಿದರು. "ಬೇಡ ಆಂಟಿ, ಪರವಾಗಿಲ್ಲ" ಎಂದೇನೋ ಅಂದೆ. ಹಾಗಂದರೂ, ಅವರು ಏಳುವವರೆಗೂ ಅಲ್ಲೇ ಪಕ್ಕದಲ್ಲಿ ನಿಂತಿದ್ದೆ.