ಒಂದು ಚಮಚ ನೀಲಿ

ಎಲ್ಲ ರಗಳೆಗೂ ಕಾರಣ ಒಂದು ಚಮಚ.

ಕಟ್ಟಡಗಳಲ್ಲಿ ಸ್ನಾನದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವುದಕ್ಕೆ ಸರ್ಕಾರ ನಿಯಮ ತರಲು ಹೊರಟಾಗ, ಅದರ ಕರಡು ಬರೆಯುವ ಕೆಲಸ ಒಬ್ಬ ಹಿರಿಯ ಗುಮಾಸ್ತರ ತಲೆಗೆ ಬಿತ್ತು. ಮಾತೆತ್ತಿದರೆ ನಿಯಮ ಹೇಳುವ ಅವರಿಗೆ ಕಟ್ಟಡದ ಜನ ‘ಉಪನಿಯಮ’ ಎಂದೇ ಹೆಸರಿಟ್ಟಿದ್ದರು. ಆ ನೀರು ಶೌಚಾಲಯಕ್ಕೆ, ಗಿಡಗಳಿಗೆ ಮಾತ್ರ. ಅದು ತಪ್ಪಿ ಕುಡಿಯುವ ನೀರಿನ ಪೈಪಿಗೆ ಸೇರಿದೆಯೇ ಎಂದು ತಿಳಿಯಲು ಉಪನಿಯಮದವರು ಒಂದು ಪರೀಕ್ಷೆ ಬರೆದರು: ಮರುಬಳಕೆಯ ತೊಟ್ಟಿಗೆ ಒಂದು ಸಣ್ಣ ಚಮಚ ನೀಲಿ ಬಣ್ಣ ಹಾಕಿ, ಮನೆಮನೆಯ ನಲ್ಲಿ ತಿರುಗಿಸಿ ನೋಡುವುದು. ‘ಸಣ್ಣ’ ಎಂದರೆ ಎಷ್ಟು ಎಂದು ಸಮಿತಿ ನಾಲ್ಕು ತಿಂಗಳು ಕಿತ್ತಾಡಿ, ಕೊನೆಗೆ ಆ ಪದವನ್ನೇ ಹೊಡೆದುಹಾಕಿತು.

ಮೊದಲ ಪರೀಕ್ಷೆ ಇವತ್ತು, ಕಟ್ಟಿದಾಗಿನಿಂದಲೇ ಮರುಬಳಕೆಯ ತೊಟ್ಟಿಯಿದ್ದ ಅವರದೇ ಕಟ್ಟಡದಲ್ಲಿ. ಇಲ್ಲೇ ಆಗಲೆಂದು ಕೇಳಿಕೊಂಡದ್ದು ಅವರೇ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ತೀರಿಕೊಂಡ ಹೆಂಡತಿ ಈ ಮನೆಗೆ ಬಂದಂದಿನಿಂದ ಹೇಳುತ್ತಿದ್ದದ್ದು ಒಂದೇ ಮಾತು: “ಅಡುಗೆಮನೆ ನೀರು ಒಂಥರಾ ವಾಸನೆ ರೀ.” ಇವರು, “ವಾಸನೆ ನೀರಲ್ಲಿಲ್ಲ, ನಿನ್ನ ಮೂಗಲ್ಲಿದೆ” ಎಂದು ಊಟದ ಹೊತ್ತಿಗೆ ಅವಳೆದುರೇ ಲೋಟ ಎತ್ತಿ ಗಟಗಟ ಕುಡಿದು, “ಜೇನಿನ ಹಾಗಿದೆ ನೋಡು” ಎನ್ನುತ್ತಿದ್ದರು. ಆಫೀಸಿನಲ್ಲೂ ಆ ಮೂಗಿನ ಕತೆ ಹೇಳಿ ನಗಿಸುತ್ತಿದ್ದರು. ಒಂಬತ್ತು ವರ್ಷ ಹೇಳಿ ಹೇಳಿ ಅವಳು ಸುಮ್ಮನಾದಳು. ಸೋಲೊಪ್ಪಿಕೊಂಡಳು ಎಂದುಕೊಂಡರು. ಅವಳು ಹೋದ ಮೇಲೆ ಆ ನಗು ಗಂಟಲಿನ ಮುಳ್ಳಾಗಿತ್ತು. ಇವತ್ತು ಅಡುಗೆಮನೆಯ ನಲ್ಲಿಯಲ್ಲಿ ನೀಲಿ ಬರದಿದ್ದರೆ, ಈ ಒಂದು ವಿಷಯದಲ್ಲಾದರೂ ಅವಳಿಗೆ ಅನ್ಯಾಯ ಮಾಡಿಲ್ಲವೆಂದು ನಿದ್ದೆ ಮಾಡಬಹುದಿತ್ತು.

ಬೆಳಿಗ್ಗೆ ಪ್ಲಂಬರ್ ತೊಟ್ಟಿಯ ಬಳಿ ನಿಂತು, “ಒಂದು ಚಮಚ ಅಂತಿದೆ ಸಾರ್, ಎಷ್ಟು ದೊಡ್ಡದು ಅಂತಿಲ್ಲ” ಎಂದ. ಕಟ್ಟಡದ ಸಂಘದ ಕಾರ್ಯದರ್ಶಿ ತಮ್ಮ ಮನೆಯಿಂದ ಸೌಟನ್ನೇ ತಂದರು. “ಸರ್ಕಾರದ ಕೆಲಸ. ಜಿಪುಣತನ ಯಾಕೆ?” ಎಂದವರೇ, ಉಪನಿಯಮದವರು ಬಾಯಿ ಬಿಡುವ ಮೊದಲೇ ಬಣ್ಣ ತುಂಬಿದ ಸೌಟನ್ನು ತೊಟ್ಟಿಗೆ ಬೋರಲು ಹಾಕಿದರು.

ಅರ್ಧ ಗಂಟೆಯಲ್ಲಿ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಟವೆಲಿನಲ್ಲೇ ಇಳಿದು ಬಂದರು. “ಮೂವತ್ತೈದು ವರ್ಷ ಇಂಕಲ್ಲಿ ಬರೆದಿದೀನಿ ಕಣ್ರೀ, ಇಂಕಿನ ಮೇಲೆ ಕೂತಿರಲಿಲ್ಲ!” ಅಷ್ಟರಲ್ಲಿ ಗಿಡಗಳ ಪೈಪು ಕಳಚಿಕೊಂಡು ಕಾರ್ಯದರ್ಶಿಯ ಬಿಳಿ ಬೆಕ್ಕಿಗೆ ಅಭಿಷೇಕವಾಯಿತು. ಬೆಕ್ಕು ಹೆದರಿ ಓಡಿ, ಒಣಹಾಕಿದ್ದ ಬಟ್ಟೆಗಳ ಮೇಲೆಲ್ಲ ಹೆಜ್ಜೆಯೊತ್ತಿತು. ನಾಲ್ಕು ಗಂಟೆಗೆ ತಪಾಸಣೆಗೆ ಬಂದ ಅಧಿಕಾರಿ ಹೆಣ್ಣುಮಗಳಿಗೆ ಉಪನಿಯಮದವರು ಕೈ ಮುಗಿದಾಗ, ಕಳಚಿದ ಪೈಪು ಸಿಕ್ಕಿಸಿದ ಅವರ ಎರಡೂ ಅಂಗೈ ನೀಲಿಯಾಗಿದ್ದವು.

ಅಧಿಕಾರಿಯ ಹಿಂದೆ ಎಲ್ಲರೂ ಮನೆಮನೆ ಹತ್ತಿಳಿದರು. ಹತ್ತೊಂಬತ್ತು ಮನೆಗಳ ನಲ್ಲಿಯಲ್ಲಿ ತಿಳಿನೀರು. ಉಳಿದದ್ದು ಉಪನಿಯಮದವರ ಅಡುಗೆಮನೆ. ಅವರು ಕಣ್ಣು ಮುಚ್ಚಿಕೊಂಡು ನಲ್ಲಿ ತಿರುಗಿಸಿದರು.

ತಿಳಿನೀರು.

“ನೋಡಿದ್ಯಾ! ಹೇಳಿರಲಿಲ್ವಾ ನಾನು?” ಎಂದು ಖಾಲಿ ಒಲೆಯ ಕಡೆ ತಿರುಗಿ ಕೂಗಿಯೇಬಿಟ್ಟರು. ಆಮೇಲೆ ನಾಚಿಕೆಯಾಗಿ ನೀಲಿ ಕೈಯಲ್ಲೇ ಕಣ್ಣೊರೆಸಿಕೊಂಡರು. ಮುಖವೂ ನೀಲಿಯಾಯಿತು.

ಪ್ಲಂಬರ್ ತಲೆ ಕೆರೆದುಕೊಂಡ. “ನೀಲಿ ಎಲ್ಲಿಂದ ಬರ್ಬೇಕು ಸಾರ್? ಎರಡು ವರ್ಷದ ಹಿಂದೆ ಅಮ್ಮ ನನ್ನ ಕರೆಸಿ ಸಿಂಕಿನ ಹಿಂದೆ ಗೋಡೆ ಒಡೆಸಿದ್ರಲ್ಲ. ಫ್ಲಶ್ಶಿನ ಪೈಪು ಇದಕ್ಕೇ ಸೇರಿತ್ತು. ಬೇರೆ ಮಾಡಿದ್ದು ನಾನೇ.”

“ನನಗ್ಯಾಕೆ ಹೇಳ್ಲಿಲ್ಲ?”

“ಅಮ್ಮ ಬೇಡ ಅಂದ್ರು. ‘ಊರಿಗೆಲ್ಲ ನೀರಿನ ನಿಯಮ ಬರೆಯೋರು, ಅವರ ಮನೇಲೇ ಹೀಗೆ ಅಂತಾದ್ರೆ ತಲೆ ಎತ್ತಿ ಓಡಾಡೋದು ಹೇಗೆ’ ಅಂದ್ರು.”

ಉಪನಿಯಮದವರು ಸುರಿಯುತ್ತಿದ್ದ ನಲ್ಲಿಯತ್ತ ಕೈ ತೋರಿಸಿದರು. “ಹಾಗಾದ್ರೆ ಒಂಬತ್ತು ವರ್ಷ ನಾನು ಕುಡಿದದ್ದು?”

ಮೇಷ್ಟ್ರು ಕೆಮ್ಮಿದರು. “ಅದು ನಮ್ಮನೆ ನೀರು ಕಣ್ರೀ. ನೀವು ಆಫೀಸಿಗೆ ಹೋದ ಮೇಲೆ ಆಕೆ ದಿನಾ ಎರಡು ಕೊಡ ಒಯ್ಯೋರು. ಲಿಫ್ಟಲ್ಲಿ ನೀರು ತರಬಾರದು ಅಂತ ನೀವೇ ಬೋರ್ಡು ಹಾಕ್ಸಿದ್ರಲ್ಲ, ಆ ಮಂಡಿನೋವಲ್ಲಿ ಮೆಟ್ಟಿಲಲ್ಲೇ ಇಳಿಯೋರು.”

ಜೇನಿನ ಹಾಗಿದ್ದ ನೀರು. ಈ ಮಾತುಗಳ ತಲೆಬುಡ ತಿಳಿಯದ ಅಧಿಕಾರಿ ನಮೂನೆಯ ಹಾಳೆ ತೆರೆದರು. “ಏಳನೇ ಕಲಂ ಸಾರ್. ಹಿಂದೆ ತಪ್ಪು ಜೋಡಣೆ ಪತ್ತೆಯಾಗಿತ್ತೇ?”

“ಇಲ್ಲ ಅಂತ ಬರೆಸಿ, ಮುಗೀತು,” ಕಾರ್ಯದರ್ಶಿ ಪಿಸುಗುಟ್ಟಿದರು.

“ಹೌದು ಅಂತ ಬರೀರಿ,” ಎಂದರು ಉಪನಿಯಮದವರು. “ಪತ್ತೆ ಮಾಡಿದ್ದು ನನ್ನ ಹೆಂಡತಿ.”

“ಹಾಗಿದ್ರೆ ಪತ್ತೆ ಮಾಡಿದವರ ಸಹಿ ಬೇಕು. ಅದಿಲ್ಲದೆ ಈ ಕಟ್ಟಡಕ್ಕೆ ಪ್ರಮಾಣಪತ್ರ ಕೊಡೋ ಹಾಗಿಲ್ಲ, ನೀವೇ ಬರೆದಿರೋದು,” ಎಂದು ಅಧಿಕಾರಿ ನಗುತ್ತಾ ಪೆನ್ನು ಚಾಚಿದರು. “ಅವರನ್ನ ಒಂದ್ನಿಮಿಷ ಕರೀರಿ ಸಾರ್.”

ಉಪನಿಯಮದವರು ಒಳಕೋಣೆಯ ಕಡೆ ತಿರುಗಿ, ರೂಢಿಯಂತೆ, ಕರೆಯಲು ಬಾಯಿ ತೆರೆದರು. ನೀರು ಇನ್ನೂ ಸುರಿಯುತ್ತಿತ್ತು. ಮೇಷ್ಟ್ರು ಹೋಗಿ ನಲ್ಲಿ ನಿಲ್ಲಿಸಿದರು.