ಮೇಡಮ್ಮಾರಿಗೊಂದು ಕುರ್ಚಿ

ಈ ಲೋಕದಲ್ಲಿ ತಾನೊಬ್ಬನೇ ಬೇರೆ, ಉಳಿದವರೆಲ್ಲ ಒಂದೇ ಎಂದುಕೊಳ್ಳದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ದಾಂಡೇಲಿಯ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ಹಳಿಯಾಳದ ಬಸ್ಸಿಗೆ ಕಾದು ನಿಂತವರ ಮುಖ ನೋಡಿ. ಉಳಿದವರೆಲ್ಲ ಒಬ್ಬರಿಗೊಬ್ಬರು ನೆಂಟರು, ತಾನು ಮಾತ್ರ ದಾರಿ ತಪ್ಪಿ ಬಂದವನು ಎಂಬಂತೆ ಒಬ್ಬೊಬ್ಬರೂ ನಿಂತಿರುತ್ತಾರೆ. ಬಸ್ಸು ಬಂದಾಗ ಮಾತ್ರ ಒಂಟಿತನ ಮರೆತು ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ನನ್ನ ಒಂಟಿತನದ ವಿಶೇಷವೆಂದರೆ ಅದಕ್ಕೆ ನಾಲ್ಕು ಕಾಲು, ಎರಡು ಕೈ ಇದ್ದವು, ಬಣ್ಣ ಕೆಂಪು. ಅದೊಂದು ಪ್ಲಾಸ್ಟಿಕ್ ಕುರ್ಚಿ.

ನಾನು ತೇರಗಾಂವದ ಒಕ್ಕಲುತನದ ಮನೆಯವಳು. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲ ಜೀವ ನಾನೇ. ಇಂಥದ್ದನ್ನು ಸಂಕೋಚದಿಂದ ಹೇಳುವವರಿದ್ದಾರೆ, ನಾನು ಅವರಲ್ಲಿ ಒಬ್ಬಳಲ್ಲ. ಬೆಳಿಗ್ಗೆ ದನದ ಕೊಟ್ಟಿಗೆಯ ಸೆಗಣಿ ಬಾಚಿ, ಕೈ ತೊಳೆದು, ತುಂಬಿದ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನಿಂತು ಹಳಿಯಾಳದ ಕಾಲೇಜಿಗೆ ಹೋಗಿ ಪಡೆದ ಪದವಿ ಅದು. ಫಲಿತಾಂಶ ಬಂದ ದಿನ ಅಪ್ಪ ಪಕ್ಕದ ಮನೆಯಿಂದ ಕುರ್ಚಿ ಇಸಿದುಕೊಂಡು ಬಂದು, "ಇನ್ನ ಮ್ಯಾಲೆ ನೀ ನೆಲದಾಗ ಕುಂದರಬ್ಯಾಡ ಮಗಳ" ಎಂದ. ಅಂದು ಏರಿದವಳಿಗೆ ಇಳಿಯುವುದು ಹೇಗೆಂದು ಯಾವ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ. ಮದುವೆಯಾಗಿ ದಾಂಡೇಲಿಗೆ ಬಂದಾಗ ಅಪ್ಪ ಬಾಗಿಲಿಗೆ ಹಾಕಲು ಹಿತ್ತಾಳೆಯ ಫಲಕವೊಂದನ್ನು ಮಾಡಿಸಿ ಕಳಿಸಿದ. ಅದರಲ್ಲಿ ನನ್ನ ಹೆಸರಿಗಿಂತ ಬಿ.ಎ. ದೊಡ್ಡದು. ಗಂಡನ ಹೆಸರಿಗೆ ಜಾಗವೇ ಉಳಿದಿರಲಿಲ್ಲ. "ಇರ್ಲಿ ಬಿಡು, ನನ್ನ ಹೆಸರು ಮಿಲ್ಲಿನ ಗೇಟ್ ಪಾಸಿನ್ಯಾಗ ಐತಲ್ಲ" ಎಂದು ಅವರೇ ಸಮಾಧಾನ ಮಾಡಿಕೊಂಡು ಮೊಳೆ ಹೊಡೆದರು.

ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ "ಮೇಡಮ್ಮಾರು ಬಂದ್ರು, ಕುರ್ಚಿ ತರ್ರಿ" ಎಂಬ ಕೂಗು ಏಳುತ್ತಿತ್ತು. ನಾನು ಯಾವ ಮೇಡಮ್ಮೂ ಅಲ್ಲ, ಒಂದು ಕಚೇರಿಯ ಗುಮಾಸ್ತೆ. ಕುರ್ಚಿಯ ಮೇಲಿಂದ ಕಾಣುವುದು ಚಾಪೆಯ ಮೇಲೆ ಕುಳಿತ ಹೆಂಗಸರ ಬೈತಲೆಗಳು ಮಾತ್ರ. ನಗೆ ಕೆಳಗೇ ಹುಟ್ಟಿ ಕೆಳಗೇ ಮುಗಿಯುತ್ತಿತ್ತು. ನಾನು ಕುಳಿತೊಡನೆ ಗಂಡಂದಿರ ಮೇಲಿನ ದೂರುಗಳು ನಿಂತು, "ನಮ್ಮ ಹುಡುಗಿ ಆರ್ಟ್ಸ್ ತಗೋಬೇಕೋ, ಕಾಮರ್ಸೋ ಮೇಡಮ್ಮಾರ?" ಎಂಬ ಗಂಭೀರ ಪ್ರಶ್ನೆಗಳು ಶುರುವಾಗುತ್ತಿದ್ದವು. ಗಂಡನ ಬಗ್ಗೆ ಹೇಳಲು ನನ್ನಲ್ಲೂ ಬೇಕಾದಷ್ಟಿತ್ತು. ಕೇಳುವವರಿರಲಿಲ್ಲ.

ಬೇಸಿಗೆ ಬಂತೆಂದರೆ ಓಣಿಯಲ್ಲಿ ಶಾವಿಗೆಯ ಮುಯ್ಯಿ. ಇವತ್ತು ನಿಮ್ಮ ಮನೆಯ ಶಾವಿಗೆ ಮಾಡಲು ನಾವೆಲ್ಲ ಬರುತ್ತೇವೆ, ನಾಳೆ ನಮ್ಮದಕ್ಕೆ ನೀವೆಲ್ಲ ಬರಬೇಕು. ನಾನು ಈ ಓಣಿಗೆ ಬಂದಾಗಿನಿಂದ ಯಾರೂ ನನ್ನನ್ನು ಮುಯ್ಯಿಗೆ ಕರೆದಿರಲಿಲ್ಲ. ಬೆಳಿಗ್ಗೆ ಹೆಂಗಸರ ದಂಡು ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಗಂಡನ ಹತ್ತಿರ ಹೇಳಿಕೊಂಡರೆ, "ಅದಕ್ಯಾಕ ಕಣ್ಣಾಗ ನೀರು? ಅಂಗಡ್ಯಾಗ ಪ್ಯಾಕೆಟ್ ಸಿಗ್ತೈತಿ" ಎಂದರು. ಗಂಡಸರಿಗೆ ಶಾವಿಗೆಯೆಂದರೆ ಪಾಯಸ, ಅಷ್ಟೇ. ಮುಯ್ಯಿಗೆ ಸೇರದವಳು ಆ ಓಣಿಯಲ್ಲಿ ಬಾಡಿಗೆಗಿದ್ದಾಳೆಯೇ ಹೊರತು ಆ ಓಣಿಯವಳಲ್ಲ. ಓದಿದವರ ಪಾಡೇ ಇಷ್ಟು, ನಮ್ಮ ಎತ್ತರಕ್ಕೆ ಜೊತೆ ಸಿಗುವುದಿಲ್ಲ ಎಂದು ದೊಡ್ಡ ದೊಡ್ಡ ವಿಚಾರ ಮಾಡಿ ಮನಸ್ಸು ಗಟ್ಟಿ ಮಾಡಿಕೊಂಡೆ. ವಿಚಾರ ಚೆನ್ನಾಗಿತ್ತು. ಆದರೆ ಮುಂದಿನ ಮನೆಯಿಂದ ನಗು ಕೇಳಿದೊಡನೆ ಕರಗಿಹೋಗುತ್ತಿತ್ತು.

ಕಳೆದ ಬೇಸಿಗೆಯ ಒಂದು ಭಾನುವಾರ ತಡೆಯಲಾರದೆ, ಕರೆಯದಿದ್ದರೂ, ಕಲ್ಲವ್ವನ ಅಂಗಳಕ್ಕೆ ಹೋದೆ. ಕಲ್ಲವ್ವ ನಮ್ಮ ಓಣಿಯ ಹಿರಿಯಳು. ಅವಳ ಧ್ವನಿ ಎಷ್ಟು ದೊಡ್ಡದೆಂದರೆ ಮಿಲ್ಲಿನ ಸೈರನ್ ಕೆಟ್ಟರೂ ಪಾಳಿ ಬದಲಾದೀತು. ನನ್ನನ್ನು ಕಂಡೊಡನೆ ಮಾಮೂಲಿನಂತೆ ಕೆಂಪು ಕುರ್ಚಿ ಬಂತು. ಕುಳಿತೆ. ಕೆಳಗೆ ಶಾವಿಗೆ ಯಂತ್ರದ ಹಿಡಿಕೆ ತಿರುಗುತ್ತಿತ್ತು, ಎಳೆಗಳು ಇಳಿಯುತ್ತಿದ್ದವು. ಅವನ್ನು ಉದ್ದನೆಯ ಕೋಲಿನ ಮೇಲೆ ಇಳಿಬಿಟ್ಟು, ಕೋಲಿನ ಎರಡೂ ತುದಿಗಳನ್ನು ಎರಡು ಕುರ್ಚಿಗಳ ಮೇಲಿಟ್ಟು ಒಣಗಿಸುವುದು ರೂಢಿ. ಕೋಲು ತುಂಬಿತು. ಕಲ್ಲವ್ವ ಸುತ್ತ ನೋಡಿದಳು. ಅಂಗಳದಲ್ಲಿ ಒಂದೇ ಕುರ್ಚಿ ಖಾಲಿ ಇತ್ತು. ಇನ್ನೊಂದರ ಮೇಲೆ ಬಿ.ಎ. ಕುಳಿತಿತ್ತು.

"ಮೇಡಮ್ಮಾರ, ಸ್ವಲ್ಪ ಏಳ್ರಿ. ಶಾವಿಗಿ ಕುಂದರಬೇಕಾಗೇತಿ."

ಎದ್ದೆ. ನನ್ನ ಜಾಗದಲ್ಲಿ ಶಾವಿಗೆ ಕುಳಿತಿತು. ನಿಂತೇ ಇರುವುದು ಚೆನ್ನಾಗಿರುವುದಿಲ್ಲವೆಂದು ಜೋಯ್ಡಾ ಕಡೆಯ ಸಾವಿತ್ರಿ ಮತ್ತು ಪಕ್ಕದ ಮನೆಯ ಶಬಾನಾಳ ನಡುವೆ ಚಾಪೆಯ ಮೇಲೆ ಕುಳಿತೆ. ಯಾರೋ ಹಿಡಿಕೆ ಕೈಗೆ ಕೊಟ್ಟರು. ಜೋರಾಗಿ ತಿರುವಿದೆ. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಗ್ಗದಂತೆ ಇಳಿದವು.

"ಅಯ್ಯ ನಮ್ಮವ್ವ, ಇದರಾಗ ಪಾಯಸ ಮಾಡೂದೋ, ಎಮ್ಮಿ ಕಟ್ಟೂದೋ?" ಎಂದಳು ಕಲ್ಲವ್ವ. ಎಲ್ಲರೂ ನಕ್ಕರು. ಆ ನಗೆಯ ನಡುವೆ ಕುಳಿತು ನಾನೂ ನಕ್ಕೆ. ಅದೇ ಧೈರ್ಯದಲ್ಲಿ, "ನಿಮಗ್ಯಾರಿಗೂ ನಾ ಒಬ್ಬಾಕಿನ ಬ್ಯಾರೆ ಅನಸೂದಿಲ್ಲೇನ್ರೀ?" ಎಂದು ಕೇಳಿಬಿಟ್ಟೆ.

"ನನಗ ದಿನಾ ಅನಸ್ತದ" ಎಂದಳು ಸಾವಿತ್ರಿ. "ನಾ ಮನ್ಯಾಗ ಕೊಂಕಣಿ ಮಾತಾಡೋಳು. ನನ್ನ ಕನ್ನಡಕ್ಕ ನೀವು ನಗ್ತೀರಿ ಅಂತ ಅರ್ಧ ಮಾತು ನುಂಗ್ತೇನಿ."

"ಉಳಿದರ್ಧಕ್ಕ ನಾವು ನಗೂದು" ಎಂದು ಶಬಾನಾ ಅವಳ ಭುಜ ತಟ್ಟಿದಳು. "ನಾನೂ ಹಂಗs. ತವರಿಗೆ ಹೋದ್ರ ದಾಂಡೇಲಿಯಾಕಿ, ಇಲ್ಲಿ ಬಂದ್ರ ಮುಂಡಗೋಡದಾಕಿ."

ಕಲ್ಲವ್ವ ಹಿಟ್ಟು ನಾದುತ್ತಲೇ ಹೇಳಿದಳು: "ನಾ ಧಾರವಾಡ ಕಡಿಂದ ಲಗ್ನ ಆಗಿ ಬಂದಾಗ ಓಣ್ಯಾಗ ಒಬ್ಬರ ಮಾರಿನೂ ಗುರ್ತಿಲ್ಲ. ಕರೀಲಿ ಅಂತ ಕುಂತಿದ್ರ ಇನ್ನೂ ಹೊಸ್ತಲದಾಗs ಇರ್ತಿದ್ದೆ. ಒಂದಿನ ಕಂಡವರ ಮನಿಗೆ ಹೋಗಿ, ನಿಮ್ಮ ಹಿಟ್ಟು ನಾ ನಾದ್ತೇನಿ ಅಂದೆ. ಹುಚ್ಚಿ ಅಂದ್ರು. ಅನ್ಲಿ. ಮಾತಾಡ್ಸಿದ್ರಲ್ಲ?"

ಯಾರ ಮನೆಯ ಹಿಟ್ಟಿಗೂ ಹೀಗೆ ಕೈ ಹಾಕುವ ಎದೆಗಾರಿಕೆ ನನಗಿಲ್ಲ. ಆ ಹೆಂಗಸಿನ ಮುಂದೆ ಮನಸ್ಸಿನಲ್ಲೇ ತಲೆಬಾಗಿದೆ. ಜೊತೆಗೆ ಸ್ವಲ್ಪ ಹೊಟ್ಟೆಯೂ ಉರಿಯಿತು. ಒಂಟಿತನವೆನ್ನುವುದು ಬಿ.ಎ. ಜೊತೆ ನನಗೊಬ್ಬಳಿಗೇ ಬಂದ ಬಹುಮಾನ ಎಂದುಕೊಂಡಿದ್ದೆ. ನೋಡಿದರೆ ಪರೀಕ್ಷೆಗೇ ಕೂರದ ಇವರೆಲ್ಲ ಅದರಲ್ಲಿ ನನಗಿಂತ ಮುಂಚೆ ಪಾಸಾಗಿದ್ದರು.

"ಹಂಗಾರ ನನ್ನ ಯಾಕ ಮುಯ್ಯಿಗೆ ಕರೀಲಿಲ್ಲ?" ಎಂದೆ.

"ನೀ ಎಲ್ಲೆ ನಮ್ಮನ್ನ ಕರದಿ ತಂಗಿ?" ಕಲ್ಲವ್ವ ಕೈ ನಿಲ್ಲಿಸಿ ನನ್ನತ್ತ ನೋಡಿದಳು. "ಬಾಗಲಕ್ಕ ಅಷ್ಟ ದೊಡ್ಡ ಫಲಕ ಹೊಡದೀ. ಅದರಾಗ ಒಳಗ ಬರ್ರಿ ಅಂತ ಬರದಿಲ್ಲಲ್ಲ."

ನಾನು ಇವರ ಕರೆಗೆ ಕಾದಿದ್ದೆ, ಇವರು ನನ್ನ ಕರೆಗೆ. "ಮುಂದಿನ ಐತವಾರ ನಮ್ಮನಿಗೆ ಬರ್ರಿ, ಎಲ್ಲಾರೂ ಬರ್ರಿ" ಎಂದೆ. ತಂಗಿ ಎಂದು ಕರೆಸಿಕೊಂಡದ್ದು ನೆನಪಾಗಿ ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಮನೆಗೆ ಬಂದೆ.

ಮುಂದಿನ ಭಾನುವಾರ ಬೆಳಿಗ್ಗೆ ದಂಡು ನಮ್ಮ ಬಾಗಿಲು ದಾಟಲಿಲ್ಲ, ಒಳಗೆ ಬಂತು. ಫಲಕವನ್ನು ತೆಗೆದಿರಲಿಲ್ಲ, ಅದನ್ನು ತೆಗೆಯುವುದಿಲ್ಲ. ಉಜ್ಜಿ ಹೊಳೆಯುವಂತೆ ಮಾಡಿದ್ದೆ. ಎಲ್ಲರಿಗಿಂತ ಮುಂದೆ ಯಂತ್ರ ಹೊತ್ತು ಕಲ್ಲವ್ವ ಹೊಸ್ತಿಲು ದಾಟಿದಳು. ಅವಳ ಮೇಲಿನ ಗೌರವದಿಂದ ನನಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಒಳಗೆ ಓಡಿದೆ, ಮನೆಯಲ್ಲಿದ್ದ ಒಳ್ಳೆಯ ಕುರ್ಚಿಯನ್ನು ಸೆರಗಿನಿಂದ ಒರೆಸಿ ಎತ್ತಿಕೊಂಡು ಬಂದು ಅವಳ ಮುಂದಿಟ್ಟು, "ಕುಂದರ್ರಿ" ಎಂದೆ.

ಕಲ್ಲವ್ವ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾಕ ತಂಗಿ," ಎಂದಳು, "ನಾ ಏನ ತಪ್ಪ ಮಾಡೇನಿ?"