ಚಿಗವ್ವನ ರೊಟ್ಟಿ ಮಷೀನು

ತಾಟಿಗೆ ರೊಟ್ಟಿ ಬೀಳೋತನಕ ಮನಷ್ಯಾನ ಬಾಯಿ ಸುಮ್ಮನ ಇರಂಗಿಲ್ಲ ನೋಡ್ರಿ. ಧಾರವಾಡದಾಗ ನಮ್ಮದೊಂದು ಸಣ್ಣ ಖಾನಾವಳಿ ಐತಿ. ಗಿರಾಕಿ ಬಂದು, ಕೈ ತೊಳಕೊಂಡು ಕುಂತು, ಬಿಸಿ ರೊಟ್ಟಿ ಬರೂದರಾಗ ಸ್ವಲ್ಪ ಹೊತ್ತು ಸಿಗ್ತೈತಲ್ಲ, ಅಷ್ಟರಾಗ ಇಡೀ ಜಗತ್ತಿನ ಪಂಚಾಯ್ತಿ ನಮ್ಮಲ್ಲೇ ಆಗಿ ಹೋಗ್ತೈತಿ. ನಾನು ಗಲ್ಲಾದ ಮುಂದ ಕುಂತು ಕೇಳ್ಕೋತ ಇರ್ತೇನಿ. ಒಮ್ಮೊಮ್ಮೆ ಸಿಟ್ಟು ಬರ್ತೈತಿ, ಒಮ್ಮೊಮ್ಮೆ ನಗು ಬರ್ತೈತಿ, ಆದ್ರ ಭಾಳ ಸಲ “ಅಬ್ಬಬ್ಬಾ, ಎಂಥಾ ಕಾಲ ಬಂತಪಾ!” ಅಂತ ಬಾಯಿ ತಕ್ಕೊಂಡು ಕುಂದರ್ತೇನಿ.

ದಿನಾ ತಪ್ಪದ ಬರೋ ಗಿರಾಕಿ ಅಂದ್ರ ಮೂರ ಮಂದಿ. ಒಬ್ರು ರಿಟೈರ್ ಆದ ಕನ್ನಡ ಮಾಸ್ತರು. ಇನ್ನೊಬ್ರು ಹತ್ತಿ ವ್ಯಾಪಾರದ ಸಾವ್ಕಾರ್ರು. ಅವರ ಮನ್ಯಾಗ ಡಾಕ್ಟರ್ ಹೇಳಿದ ಪಥ್ಯ, ನಮ್ಮಲ್ಲಿ ಎಣ್ಣಿಗಾಯಿ, ಅದಕ್ಕ ಬರ್ತಾರ. ಮೂರನೇದಾಕಿ ಕಾನೂನು ಓದೋ ಹುಡುಗಿ. ಒಳಗ ರೊಟ್ಟಿ ಬಡಿಯಾಕಿ ನಮ್ಮ ಮನಿಯವ್ರ ಚಿಗವ್ವ, ಅಮ್ಮಿನಬಾವಿ ಊರಾಕಿ. ಆಕಿ ರೊಟ್ಟಿ ಬಡಿಯೋ ಪಟಪಟ ಸಪ್ಪಳ ರಸ್ತೇದತನಕ ಕೇಳ್ತೈತಿ. ನಮಗ ಬೋರ್ಡ್ ಬ್ಯಾಡ, ಅಡ್ವಟೈಸ್ ಬ್ಯಾಡ. ಸಪ್ಪಳ ಕೇಳಿದ ಮಂದಿ ತಾವಾಗೇ ಚಪ್ಪಲಿ ಬಿಟ್ಟು ಒಳಗ ಬರ್ತಾರ.

ಯುದ್ಧ ನಿಲ್ಲಸೋ ಹುಡುಗಿ

ಒಂದು ಮಧ್ಯಾಹ್ನ ಸಾವ್ಕಾರ್ರು ಫೋನ್ ಎತ್ತಿ ಹಿಡಕೊಂಡ ಬಂದ್ರು. “ಮಾಸ್ತರ, ಇಲ್ಲಿ ನೋಡ್ರಿ! ಯುದ್ಧ! ನಮ್ಮ ಬೀಗರ ಗ್ರೂಪಿಗೆ ಈಗ ಬಂತು!” ನಾವೆಲ್ಲಾ ಸುತ್ತಗಟ್ಟಿ ನಿಂತ್ವಿ. ವಿಮಾನ ಬರ್ತಾವು, ಬೆಂಕಿ ಉಗುಳ್ತಾವು, ಇಷ್ಟಿಷ್ಟ ದೊಡ್ಡ ಕಟ್ಟಡ ಧಡಲ್ ಅಂತ ಬೀಳ್ತಾವು. ಮಾಸ್ತರ ಕೈಯಾಗಿನ ತುತ್ತು ಕೈಯಾಗ ಉಳೀತು.

“ಇದರ ಪರಿಣಾಮ ನಮ್ಮ ಹತ್ತಿ ರೇಟಿನ ಮ್ಯಾಲ ಆಗೂದ ಖರೇ,” ಅಂದ್ರು ಸಾವ್ಕಾರ್ರು.

“ನಿಮಗ ಹತ್ತಿ ಚಿಂತಿ. ಅಲ್ಲಿ ಮನಷ್ಯಾರು ಸಾಯಾಕತ್ತಾರ!” ಅಂತ ಮಾಸ್ತರು ಕಣ್ಣೊರಸ್ಕೊಂಡ್ರು.

ಹುಡುಗಿ ಬಗ್ಗಿ ನೋಡಿ ಕಿಸಕ್ಕಂತ ನಕ್ಕಳು. “ಸರ್, ಇದು ಯುದ್ಧ ಅಲ್ರಿ. ವಿಡಿಯೊ ಗೇಮ್. ಆ ಮೂಲ್ಯಾಗ ಸ್ಕೋರ್ ಕಾಣಸಾಕತ್ತೈತಿ ನೋಡ್ರಿ. ನಾನೂ ಹಾಸ್ಟೆಲ್‌ನ್ಯಾಗ ಇದನ್ನ ಆಡ್ತೇನಿ.”

ಮಾಸ್ತರು ಆಕಿ ಮಾರಿ ನೋಡಿದ್ರು. ಫೋನ್ ನೋಡಿದ್ರು. ಮತ್ತ ಆಕಿ ಮಾರಿ ನೋಡಿ ಗದರಿಸಿದ್ರು: “ಆಡಾಕಿ ನೀನ ಆದ ಮ್ಯಾಲ, ನಿಲ್ಲಸಬಾರದೇನವಾ?”

ಸೋಮವಾರದ ಟ್ರ್ಯಾಕ್ಟರು

ಆ ಹುಡುಗಿನ ಒಂದಿನ ಚಿಗವ್ವನ ಫೋನಿಗೆ ಹೊಲ ಮಾಡೋ ಗೇಮ್ ಹಾಕಿ ಕೊಟ್ಟಳು. ಬೆರಳಿಂದ ತೀಡಿದ್ರ ಹೊಲ ಹರಗತೈತಿ, ಒತ್ತಿದ್ರ ಬಿತ್ತಿಗಿ ಆಗ್ತೈತಿ, ಚಹಾ ಕುಡಿಯೂದರಾಗ ಬೆಳಿ ಎದಿಮಟ್ಟ ನಿಂದರ್ತೈತಿ. ಚಿಗವ್ವಗ ದೇವರ ಕಂಡಂಗ ಆತು. “ಯವ್ವಾ! ಮಳಿ ಬ್ಯಾಡ, ಗೊಬ್ಬರ ಬ್ಯಾಡ, ಕಳೇವು ಬ್ಯಾಡ! ಎಂಥಾ ಎರಿ ಭೂಮಿ ಇದು! ಯಾವ ಊರ ಸೀಮಿದು?” ಅಂತ ಕೇಳೇ ಕೇಳಿದ್ಲು. ಅವತ್ತಿಂದ ರೊಟ್ಟಿ ಬಡದಾದ ಮ್ಯಾಲ ಆಕಿ ಕೈಯಾಗ ಫೋನು. ಬೆಳಿ ಕೊಯ್ದು ಕೊಯ್ದು ಆಕಿ ಹುಡುಗೀಗಿಂತ ಮುಂದ ಹೋದ್ಲು.

ಒಂದ ಮಂಗಳವಾರ ನೋಡಿದ್ರ ಚಿಗವ್ವನ ಹೊಲದಾಗ ಅರ್ಧಾ ಬೆಳಿ ಬಾಡಿ ನಿಂತೈತಿ. ಹುಡುಗಿ ಗಾಬರಿಯಾಗಿ, “ಅಜ್ಜಿ, ಯಾಕ ಕೊಯ್ಲಿಲ್ಲ?” ಅಂದ್ಲು.

“ನಿನ್ನೆ ಸೋಮವಾರ ಅಲ್ಲೇನ ಹುಚ್ಚಿ! ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ.”

“ಅಜ್ಜಿ, ಇದರಾಗ ಎತ್ತ ಇಲ್ಲ! ಟ್ರ್ಯಾಕ್ಟರ್ ಐತಿ!”

ಚಿಗವ್ವ ಎಡಗೈಲೆ ಬಲಭುಜ ತಿಕ್ಕೋತ ಅಂದ್ಲು: “ಟ್ರ್ಯಾಕ್ಟರ್ ಆದ್ರೇನು? ಅದಕ್ಕೊಂದು ಸೂಟಿ ಬ್ಯಾಡೇನು?”

ಎಲ್ಲಾರೂ ನಕ್ಕರು. ನಾನೂ ನಕ್ಕೆ. ಆಮ್ಯಾಲ ನನ್ನ ಕಣ್ಣು ಆಕಿ ಭುಜದ ಮ್ಯಾಲ ಹೋತು. ನಮ್ಮ ಖಾನಾವಳಿಗೆ ಸೋಮವಾರ ಸೂಟಿ ಇಲ್ಲ, ಯಾವ ವಾರನೂ ಇಲ್ಲ. ಆಕೀಗೆ ತನ್ನ ತಲಿ ತಾನು ಬಾಚ್ಕೊಳ್ಳಾಕ ಕೈ ಮ್ಯಾಲ ಏಳೂದಿಲ್ಲಂತ ಮುಂಜಾನೆ ಹೆರಳು ಹಾಕಾಕಿ ನಾನ. ನನಗ ನಗು ಅಲ್ಲೇ ನಿಂತು ಹೋತು.

ಊರಿಲ್ಲದ ಬುದ್ಧಿವಂತ

ಈ ನಡಕ ಸಾವ್ಕಾರ್ರ ಫೋನು ಮಾತಾಡಾಕ ಕಲೀತು. ಏನ ಕೇಳಿದ್ರೂ ಕನ್ನಡದಾಗ ಉತ್ತರ ಕೊಡ್ತೈತಿ. ಸಾವ್ಕಾರ್ರು ಅತ್ತಾಗ ಇತ್ತಾಗ ನೋಡಿ, ಧ್ವನಿ ಸಣ್ಣ ಮಾಡಿ, “ಬರೋ ವಾರ ಹತ್ತಿ ರೇಟ್ ಏನಾಗತೈತ್ರಿ?” ಅಂತ ಕೇಳಿದ್ರು. ಫೋನಿಗೂ ‘ರಿ’ ಹಚ್ಚಿ ಮಾತು, ಧಾರವಾಡ ಅಲ್ಲೇನ್ರಿ ಇದು!

ಫೋನು ಅಂತು: “ಕ್ಷಮಿಸಿ, ಮುಂದಿನ ವಾರದ ಬೆಲೆಯನ್ನು ಖಚಿತವಾಗಿ ಹೇಳಲಾಗುವುದಿಲ್ಲ. ಅದು ಹಲವು ಅಂಶಗಳನ್ನು ಅವಲಂಬಿಸಿರುತ್ತದೆ.”

ಸಾವ್ಕಾರ್ರು ತೊಡಿ ಬಡಕೊಂಡ್ರು. “ಆಹಾಹಾ! ಪಕ್ಕಾ ದಲಾಲಿ! ಎಲ್ಲಾ ಗೊತ್ತೈತಿ, ಬಾಯಿ ಬಿಡವಲ್ದು!”

ಮಾಸ್ತರ ಗಮನ ರೇಟಿನ ಮ್ಯಾಲ ಇರಲಿಲ್ಲ. “ಅವಲಂಬಿಸಿರುತ್ತದೆ! ಕೇಳಿದ್ರೇನ್ರಿ? ಜೀವಮಾನ ಪೂರ್ತಿ ಸಾಲ್ಯಾಗ ಒದರಿದೆ, ಒಬ್ಬ ಹುಡುಗನೂ ನನ್ನ ಮುಂದ ಹಿಂಗ ಮಾತಾಡಲಿಲ್ಲ!” ಅಂತ ಫೋನಿಗೆ ಕೈ ಮುಗದ್ರು. ಆಮ್ಯಾಲ ಪ್ರೀತಿಲೆ ಕೇಳಿದ್ರು, “ತಮ್ಮ ಊರು ಯಾವುದು?”

“ನಾನು ಕೃತಕ ಬುದ್ಧಿಮತ್ತೆ. ನನಗೆ ಊರು, ಮನೆ ಇರುವುದಿಲ್ಲ.”

ಮಾಸ್ತರ ಮಾರಿ ಸಣ್ಣದಾತು. “ಛೇ ಛೇ ಛೇ. ಇಷ್ಟ ಓದಿಕೊಂಡು ಊರಿಲ್ಲ, ಮನಿಲ್ಲ.” ನನ್ನ ಕಡೆ ತಿರುಗಿ, “ತಂಗಿ, ಇದಕ್ಕೂ ಒಂದು ತಾಟ ಇಡವಾ,” ಅಂದ್ರು.

ಬಾಯಿ ಒಬ್ರದು, ಭುಜ ಒಬ್ರದು

ಚಿಗವ್ವನ ಭುಜದ ನೋವು ನಾನು ಮನಿಯವ್ರಿಗೆ ಹೇಳಿದೆ. ಅವರು ಹುಬ್ಬಳ್ಳ್ಯಾಗ ಒಂದು ರೊಟ್ಟಿ ಮಷೀನ್ ನೋಡಿ ಬಂದ್ರು. ಮಾತು ಹೆಂಗೋ ಗಿರಾಕಿಗಳ ಕಿವಿಗೆ ಬಿತ್ತು. ಅಷ್ಟ ಸಾಕಾತು.

“ಮಷೀನ್ ರೊಟ್ಟಿ?” ಮಾಸ್ತರು ಎದ್ದ ನಿಂತ್ರು. “ಚಿಗವ್ವನ ಕೈ ರುಚಿ ಕಬ್ಬಿಣಕ್ಕ ಎಲ್ಲಿಂದ ಬರಬೇಕು? ಕಣ್ಣ ಮುಚ್ಚಿ ಒಂದ ತುತ್ತು ತಿಂದು ಹೇಳ್ತೇನಿ ನಾನು, ಯಾವುದು ಕೈದು, ಯಾವುದು ಮಷೀನಿಂದು ಅಂತ!”

“ಮಷೀನ್ ಬಂದ ದಿನಾನ ನಾ ಬ್ಯಾರೆ ಖಾನಾವಳಿ ನೋಡ್ಕೋತೇನಿ,” ಅಂದ್ರು ಸಾವ್ಕಾರ್ರು. “ಇಲ್ಲಿ ಉಣ್ಣಾಕ ಬರೋ ನಮ್ಮ ಹತ್ತಿ ಅಡತಿ ಅಂಗಡಿ ಮಂದೀನೂ ಬರಂಗಿಲ್ಲ.”

ನಮ್ಮ ಮನಿಯವ್ರ ಮಾರಿ ಬೆಳ್ಳಗಾತು. ಅಡತಿ ಮಂದಿ ಬಿಟ್ರ ಖಾನಾವಳಿ ಬಾಗಲಾ ಹಾಕೂದ ಸೈ. ಅಷ್ಟರಾಗ ಅಡಗಿಮನಿ ಪರದೆ ಸರೀತು. ಹಿಟ್ಟಿನ ಕೈಲೆ ಚಿಗವ್ವ ಬಂದು ನಿಂತ್ಲು.

“ಎಲ್ಲಾರೂ ಮಾತಾಡಿದ್ರಿ. ರೊಟ್ಟಿ ಬಡಿಯಾಕಿನ್ನ ಯಾರರ ಕೇಳಿದ್ರೇನು?”

ಮಾಸ್ತರು ಭಕ್ತಿಲೆ ಅಂದ್ರು, “ಹೇಳ ಚಿಗವ್ವಾ, ನೀನ ಹೇಳು. ನಿನ್ನ ಕೈಗೆ ಅಪಮಾನ ಆಗಾಕ ನಾವು ಬಿಡಂಗಿಲ್ಲ.”

“ಅಪಮಾನದ ಮನಿ ಹಾಳಾಗ್ಲಿ. ಮಷೀನ್ ಎಂದ ತರ್ತೀರಿ?”

ಸಾವ್ಕಾರ್ರು ಮೆಲ್ಲಕ, “ಪಾಪ, ದೊಡ್ಡ ಮನಸಿನಾಕಿ. ಮನಿ ಮಂದಿಗೆ ತ್ರಾಸ ಆಗಬಾರದಂತ ಹಂಗ ಅಂತಾಳ,” ಅಂದ್ರು. ಚಿಗವ್ವ ಹಣಿ ಬಡಕೊಂಡು ಒಳಗ ಹೋದ್ಲು. ಹಣೀಗೆಲ್ಲಾ ಹಿಟ್ಟ ಹತ್ತಿತು.

ಹಾಲು ಉಕ್ಕಾಕತ್ತೈತಿ

ಮಷೀನನ್ನ ಹಿತ್ತಲ ಬಾಗಲಲೆ ತಂದ್ವಿ, ಕದ್ದ ಮಾಲು ತಂದಂಗ. ಚಿಗವ್ವ ಅದಕ್ಕ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡದ್ಲು. ಹಿಟ್ಟು ಹಾಕಿ ಬಟನ್ ಒತ್ತಿದ್ವಿ. ಗುರ್ ಅಂತು, ಒಂದು ಗುಂಡನ್ನ ರೊಟ್ಟಿ ತಾನಾಗೇ ಸರಕೋತ ಬಂದು, ಬೆಂದು, ಉಬ್ಬಿ ನಿಂತು ಬುಟ್ಟ್ಯಾಗ ಬಿತ್ತು. ಚಿಗವ್ವ ಅದನ್ನ ಕೈಯಾಗ ತಗೊಂಡು, ತಿರುಗಿಸಿ ಮುರುಗಿಸಿ ನೋಡಿದ್ಲು. ಆಕಿ ಕಣ್ಣಾಗ ನೀರು. “ಇದನ್ನ ಮಾಡಿದಾಂವಗ ಒಬ್ಬ ತಾಯಿ ಇದ್ಲು ನೋಡು, ಭುಜಾ ನೋವಿನಾಕಿ,” ಅಂದ್ಲು. ನಾನೂ ಅತ್ತೆ. ಮಷೀನ್ ನೋಡಿ ಅತ್ತವರು ನಾವ ಇಬ್ರ ಇರಬೇಕು.

ಆದ್ರ ಪಟಪಟ ಸಪ್ಪಳ ಎಲ್ಲಿಂದ ತರೂದು? ಸಪ್ಪಳ ನಿಂತ್ರ ಮಾಸ್ತರಿಗೆ ಗೊತ್ತಾಗತೈತಿ, ಸಾವ್ಕಾರ್ರು ಎದ್ದ ಹೋಗ್ತಾರ. ಉಪಾಯ ಹೇಳಿದಾಕಿ ಚಿಗವ್ವನ. “ಫೋನಿನ್ಯಾಗ ಹೊಲ ಬೆಳೀತೈತಿ, ಯುದ್ಧ ಆಗ್ತೈತಿ, ರೊಟ್ಟಿ ಬಡಿಯಾಕ ಬರಂಗಿಲ್ಲೇನು?”

ಹುಡುಗಿನ್ನ ಕರಸಿ ನನ್ನ ಫೋನಿನ್ಯಾಗ ರೆಕಾರ್ಡ್ ಮಾಡಿಸಿದ್ವಿ. “ನಾಳೆ ವಕೀಲ ಆಗಾಕಿ ನಾನು. ಇದು ಮೋಸ ಆಗ್ತೈತಲ್ರಿ?” ಅಂತ ಆಕಿ ಅಳುಕಿದ್ಲು. “ಹೊಟ್ಟಿಗೆ ಹಾಕೋ ರೊಟ್ಟಿ ಖರೇ ಐತಿ, ಕಿವಿಗೆ ಹಾಕೋ ಸಪ್ಪಳ ಅಷ್ಟ ಸುಳ್ಳು,” ಅಂತ ಚಿಗವ್ವ ತೀರ್ಪು ಕೊಟ್ಟಳು. ರೆಕಾರ್ಡ್ ನಡದಾಗ ಒಲಿ ಮ್ಯಾಲಿನ ಹಾಲು ಉಕ್ಕಿ ಬಂತು. ಚಿಗವ್ವ, “ಯವ್ವಾ, ಹಾಲು ಉಕ್ಕಾಕತ್ತೈತಿ! ಒಲಿ ಸಣ್ಣ ಮಾಡ!” ಅಂತ ಒದರಿದ್ದೂ ಅದರಾಗ ಕೂತಿತು. ಮತ್ತ ಬಡಿಯಾಕ ಆಕಿ ಭುಜಕ್ಕ ಬಲ ಇರಲಿಲ್ಲ. ಇರ್ಲಿ ಬಿಡು ಅಂತ ಹಂಗ ಪರದೆ ಹಿಂದ ಮತ್ತ ಮತ್ತ ಹಚ್ಚಿದ್ವಿ.

ಮಾಸ್ತರು ಮೊದಲ ತುತ್ತಿಗೇ ಕಣ್ಣ ಮುಚ್ಚಿದ್ರು. “ಕೇಳ್ರಿ ಆ ಸಪ್ಪಳ! ತಿನ್ರಿ ಈ ರೊಟ್ಟಿ! ಮಷೀನಿಗೆ ಬರತೈತೇನ್ರಿ ಇದು?”

“ಸಾಧ್ಯನ ಇಲ್ಲ,” ಅಂತ ಸಾವ್ಕಾರ್ರು ಇನ್ನೊಂದು ರೊಟ್ಟಿ ಹಾಕಿಸ್ಕೊಂಡ್ರು.

ಚಿಗವ್ವ ಆ ಹೊತ್ತಿನ್ಯಾಗ ಎದುರಮನಿ ಕಟ್ಟಿ ಮ್ಯಾಲ ಕುಂತು ಹೊಲ ಹರಗಾಕತ್ತಿದ್ಲು. ನಾಕಾರು ದಿನ ಛಲೋ ನಡೀತು. ಒಂದಿನ ಮಾಸ್ತರು ಕಿವಿ ನೆಟ್ಟಗ ಮಾಡಿ, “ತಂಗಿ, ನಿಮ್ಮ ಮನ್ಯಾಗ ಹಾಲು ಭಾಳ ಉಕ್ಕತೈತಲ್ಲವಾ?” ಅಂದ್ರು.

“ಎಮ್ಮಿ ಹಾಲ್ರಿ, ಭಾಳ ಹಟಮಾರಿ,” ಅಂದೆ. ಬಾಯಿಗೆ ಬಂದದ್ದು ಅದ.

ಅದೇ ಗಳಿಗಿಗೆ ಕರೆಂಟ್ ಹೋತು. ಫ್ಯಾನ್ ನಿಂತು, ಒಳಗ ಮಷೀನೂ ನಿಂತಿತು. ಫೋನಿಗೆ ಬ್ಯಾಟರಿ ಇತ್ತಲ್ರಿ, ಪಟಪಟ ಮಾತ್ರ ಜೋರ ನಡದಿತ್ತು. ಸಾವ್ಕಾರ್ರು ಖಾಲಿ ತಾಟ ನೋಡ್ಕೋತ, “ಅಲ್ರಿ, ಇಷ್ಟೊತ್ತಿಂದ ಬಡಿಯಾಕತ್ತಾಳ, ರೊಟ್ಟಿ ಎಲ್ಲಿ ಹೊಂಟಾವು?” ಅಂದ್ರು.

“ಮಷೀನ್ ನಿಂತಿತೇನು?” ಅನಕೋತ ಮುಂದಿನ ಬಾಗಲಲೆ ಚಿಗವ್ವ ಒಳಗ ಬಂದ್ಲು!

ಮಾಸ್ತರು ಆಕಿನ್ನ ನೋಡಿದ್ರು, ಪಟಪಟ ಕೇಳೋ ಪರದೆ ನೋಡಿದ್ರು. ಒಳಗಿಂದ ಚಿಗವ್ವನ ಧ್ವನಿ ಬಂತು: “ಯವ್ವಾ, ಹಾಲು ಉಕ್ಕಾಕತ್ತೈತಿ! ಒಲಿ ಸಣ್ಣ ಮಾಡ!”

“ಬಂದ್ನೇ, ಬಂದೆ!” ಅಂತ ಚಿಗವ್ವ ತನ್ನ ಮಾತಿಗೆ ತಾನ ಓಗೊಟ್ಟು ಒಳಗ ಓಡಿದ್ಲು.

ಮುಚ್ಚಿಡಾಕ ಇನ್ನೇನು ಉಳೀತು? ಆಕಿ ಭುಜದ ನೋವಿನಿಂದ ಹಿಡದು ಎಲ್ಲಾ ಹೇಳಿದೆ. ನಮ್ಮ ಮನಿಯವ್ರು ಕಂಬ ಹಿಡಕೊಂಡು ನಿಂತಿದ್ರು. ಒಳಗ ಚಿಗವ್ವ, ಗಿರಾಕಿ ಹಸದಾರಂತ, ಹಳೇ ಹಂಚು ಇಳಿಸಿ ಹಿಟ್ಟಿಗೆ ಕೈ ಹಾಕಿದ್ಲು. ಮಾಸ್ತರು ಎದ್ದು ಪರದೆ ಹತ್ರ ಹೋದ್ರು. “ಬ್ಯಾಡ ಚಿಗವ್ವಾ. ಕೈ ತೊಳಕೋ. ಕರೆಂಟ್ ಬರೋತನಕ ಕಾಯ್ತೇವಿ.” ಸಾವ್ಕಾರ್ರು, “ಹೌದು, ಕಾಯ್ತೇವಿ,” ಅಂದ್ರು, ಬರೇ ಎಣ್ಣಿಗಾಯಿ ತಿನಕೋತ ಖರೇನ ಕಾಯ್ದ್ರು. ಆದ್ರ ಸಪ್ಪಳ ಬಂದ್ ಮಾಡಬ್ಯಾಡ್ರಿ, ಅದಿಲ್ಲಂದ್ರ ಹಸಿವಿ ಆಗಂಗಿಲ್ಲ ಅಂತ ಇಬ್ರೂ ಅಂದ್ರು.

ಅದಕ್ಕ ಸಪ್ಪಳ ಇವತ್ತಿಗೂ ನಡದೈತಿ. ಮೊನ್ನೆ ಹೆಬ್ಬಳ್ಳಿ ಕಡೆಯಾಂವ ಒಬ್ಬ ಹೊಸ ಗಿರಾಕಿ ಬಂದ. ಊಟ ಮಾಡ್ಕೋತ ಕುಂತಾಂವ ಒಮ್ಮೆಲೆ ಎದ್ದು ಸರಸರ ಅಡಗಿಮನಿಗೆ ಹೋಗಿ, ನನ್ನ ಅರ್ಧಾ ಬೆಂದ ಬ್ಯಾಳಿ ಗ್ಯಾಸ್ ಬಂದ್ ಮಾಡಿ ಹೊರಗ ಬಂದು ನನಗ ಜೋರ ಮಾಡಿದ: “ಏನ್ ಮಂದೀರಿ ಅಕ್ಕಾರ ನೀವು! ಪಾಪ, ಆ ಮುದುಕಿ ಅವಾಗಿಂದ ಒದರಾಕತ್ತೈತಿ, ಒಬ್ರೂ ಕೇಳವಲ್ರಿ!”

ಬಾಜೂ ಟೇಬಲಿಗೆ ಕುಂತು ಗೇಮ್ ಆಡಾಕತ್ತಿದ್ದ ಚಿಗವ್ವ ತಲಿ ಎತ್ತಿದ್ಲು. “ಖರೇ ಅಂದಿ ನೋಡ ತಮ್ಮಾ. ಅಂತೂ ಒಬ್ಬಾಂವರ ಕೇಳಿದಿ.”